ಶಿಲೀಂಧ್ರ ಸೋಂಕುಗಳು

ಶಿಲೀಂಧ್ರಗಳು ಮನುಷ್ಯನ ಚರ್ಮ, ಕೂದಲು, ಉಗುರು, ಲೋಳೆಪೊರೆ ಅಥವಾ ಒಳಾಂಗಗಳಲ್ಲಿ ಬೆಳೆಯುವುದರಿಂದ ಬರುವ ರೋಗಗಳ ಸಮೂಹ. ಹುಳುಕಡ್ಡಿ ಅಥವಾ ಗಜಕರ್ಣ, ಸಿಬ್ಬು, ಉಗುರಿನ ಸೋಂಕು, ಬಾಯಿ ಮತ್ತು ಯೋನಿಯ ಕ್ಯಾಂಡಿಡ ಸೋಂಕು ಇವುಗಳಲ್ಲಿ ಸಾಮಾನ್ಯವಾದವು. ಕ್ರಿಪ್ಟೊಕಾಕಸ್ ಮಿದುಳುಪೊರೆಯ ಉರಿಯೂತ, ಶ್ವಾಸಕೋಶದ ಆಸ್ಪರ್ಜಿಲ್ಲಸ್ ಸೋಂಕು, ಕಪ್ಪು ಶಿಲೀಂಧ್ರ ಎಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ಅಪರೂಪವಾದರೂ ಪ್ರಾಣಾಂತಿಕ. ಚರ್ಮದ ಸೋಂಕುಗಳಲ್ಲಿ ಬಹುಪಾಲು ಪೂರ್ತಿ ಗುಣವಾಗುತ್ತವೆ. ಆದರೂ ಭಾರತದಲ್ಲಿ ಇಂದು ಲಕ್ಷಾಂತರ ಜನ ವರ್ಷಗಟ್ಟಲೆ ಹುಳುಕಡ್ಡಿಯಿಂದ ನರಳುತ್ತಿದ್ದಾರೆ. ರೋಗವನ್ನು ಸರಿಯಾಗಿ ಗುರುತಿಸದಿರುವುದು, ಸ್ಟಿರಾಯ್ಡ್ ಬೆರೆತ ಮುಲಾಮಿನ ಬಳಕೆ, ಅರ್ಧಕ್ಕೇ ನಿಲ್ಲಿಸಿದ ಚಿಕಿತ್ಸೆ ಈ ಮೂರೂ ಇದಕ್ಕೆ ಮುಖ್ಯ ಕಾರಣಗಳು.

ಶಿಲೀಂಧ್ರಗಳ ಸ್ವರೂಪ

ಅಣಬೆ, ಯೀಸ್ಟ್, ಮಳೆಗಾಲದಲ್ಲಿ ಚಪ್ಪಲಿ ಮತ್ತು ಉಪ್ಪಿನಕಾಯಿಯ ಮೇಲೆ ಕಾಣುವ ಬೂಷ್ಟು, ಇವೆಲ್ಲ ಶಿಲೀಂಧ್ರಗಳೇ. ಇವು ಸಸ್ಯಗಳಂತೆ ಆಹಾರ ತಯಾರಿಸಿಕೊಳ್ಳಲಾರವು. ಸತ್ತ ಅಥವಾ ಬದುಕಿರುವ ಜೀವಿಗಳಿಂದ ಅದನ್ನು ಹೀರಿಕೊಳ್ಳುತ್ತವೆ. 1969ರಲ್ಲಿ ರಾಬರ್ಟ್ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ವರ್ಗೀಕರಣದಲ್ಲಿ ಇವಕ್ಕೆ ಪ್ರತ್ಯೇಕ ಸಾಮ್ರಾಜ್ಯದ ಸ್ಥಾನ ದೊರೆಯಿತು. ಒಂಟಿ ಕೋಶವಾಗಿ ಮೊಳೆತು ಹೆಚ್ಚುವವು ಯೀಸ್ಟ್‌ಗಳು. ಎಳೆ ಎಳೆಯಾಗಿ ಕವಲೊಡೆದು ಹರಡುವವು ಬೂಷ್ಟುಗಳು. ಕೆಲವು ಜಾತಿಗಳು ಮಣ್ಣಿನಲ್ಲಿ ಬೂಷ್ಟಾಗಿದ್ದು, ದೇಹದ ಬಿಸಿಗೆ ಬಂದಾಗ ಯೀಸ್ಟ್ ರೂಪ ತಾಳುತ್ತವೆ.

ಶಿಲೀಂಧ್ರದ ಜೀವಕೋಶಕ್ಕೂ ಮನುಷ್ಯನ ಜೀವಕೋಶಕ್ಕೂ ರಚನೆಯಲ್ಲಿ ಹೆಚ್ಚಿನ ಹೋಲಿಕೆಯಿದೆ. ಎರಡರಲ್ಲೂ ಪೊರೆಯಿಂದ ಸುತ್ತುವರಿದ ಕೋಶಕೇಂದ್ರವಿದೆ. ಬ್ಯಾಕ್ಟೀರಿಯಗಳ ವಿರುದ್ಧ ಇರುವಷ್ಟು ಔಷಧಗಳು ಶಿಲೀಂಧ್ರಗಳ ವಿರುದ್ಧ ಇಲ್ಲದಿರುವುದಕ್ಕೆ ಇದು ದೊಡ್ಡ ಕಾರಣ: ಶಿಲೀಂಧ್ರವನ್ನು ಕೊಲ್ಲುವ ವಸ್ತು ರೋಗಿಯನ್ನೂ ಬಾಧಿಸುವ ಸಂಭವ ಹೆಚ್ಚು. ಮನುಷ್ಯನ ಕೋಶಪೊರೆಯಲ್ಲಿ ಕೊಲೆಸ್ಟೆರಾಲ್ ಇರುವಲ್ಲಿ ಶಿಲೀಂಧ್ರದಲ್ಲಿ ಎರ್ಗೋಸ್ಟೆರಾಲ್ ಇದೆ. ಅದರ ಹೊರಗೋಡೆಯಲ್ಲಿರುವ ಕೈಟಿನ್ ಮತ್ತು ಬೀಟಾ ಗ್ಲೂಕಾನ್ ಮನುಷ್ಯನ ಕೋಶದಲ್ಲಿಲ್ಲ. ಔಷಧಗಳಲ್ಲಿ ಹೆಚ್ಚಿನವು ಗುರಿಯಿಡುವುದು ಈ ವ್ಯತ್ಯಾಸಗಳಿಗೇ.

ಇದುವರೆಗೆ ಹೆಸರಿಸಲಾಗಿರುವ ಲಕ್ಷಕ್ಕೂ ಮೀರಿದ ಶಿಲೀಂಧ್ರ ಜಾತಿಗಳಲ್ಲಿ ಮನುಷ್ಯನಿಗೆ ರೋಗ ತರುವವು ಕೆಲವು ನೂರು ಮಾತ್ರ. ದೇಹದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಬಹಳಷ್ಟು ಜಾತಿಗಳು ತಾಳಲಾರವು. ಅದನ್ನು ದಾಟಿ ಬಂದವನ್ನು ಆರೋಗ್ಯವಂತರ ಬಿಳಿ ರಕ್ತಕಣಗಳು ತಡೆಯುತ್ತವೆ. ಈ ಎರಡು ಕಾವಲುಗಳಲ್ಲಿ ಒಂದು ಸಡಿಲವಾದಾಗ ಆಳದ ಸೋಂಕಿಗೆ ಅವಕಾಶವಾಗುತ್ತದೆ.

ಅಧ್ಯಯನದ ಚರಿತ್ರೆ

ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲದೆಂದು ಪ್ರಯೋಗದಿಂದ ಮೊದಲು ತೋರಿಸಿದ್ದು ಶಿಲೀಂಧ್ರದ ವಿಷಯದಲ್ಲಿಯೇ. ರೇಷ್ಮೆಹುಳುಗಳು ಸತ್ತು ಸುಣ್ಣ ಬಳಿದಂತೆ ಬೆಳ್ಳಗೆ ಗಟ್ಟಿಯಾಗುವ ರೋಗಕ್ಕೆ ಶಿಲೀಂಧ್ರ ಕಾರಣವೆಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ಪ್ರಕಟಿಸಿದ. ಕರ್ನಾಟಕದ ರೇಷ್ಮೆ ಬೆಳೆಗಾರರು ಇದನ್ನು ಸುಣ್ಣಕಟ್ಟು ರೋಗ ಎಂದು ಬಲ್ಲರು. ಅದನ್ನು ತರುವ ಶಿಲೀಂಧ್ರ ಬಾಸ್ಸಿಯ ಹೆಸರನ್ನೇ ಹೊತ್ತು ಬ್ಯುವೇರಿಯ ಬಾಸ್ಸಿಯಾನ ಎನಿಸಿಕೊಂಡಿದೆ. 1839ರಲ್ಲಿ ಜರ್ಮನಿಯ ಯೋಹಾನ್ ಶೋನ್‌ಲೈನ್ ಮನುಷ್ಯನ ನೆತ್ತಿಯ ರೋಗವೊಂದರಲ್ಲಿ ಶಿಲೀಂಧ್ರವನ್ನು ವರ್ಣಿಸಿದ. 1840ರ ದಶಕದ ಮೊದಲ ವರ್ಷಗಳಲ್ಲಿ ಪ್ಯಾರಿಸ್ಸಿನಲ್ಲಿದ್ದ ಹಂಗೆರಿ ಮೂಲದ ವೈದ್ಯ ಡೇವಿಡ್ ಗ್ರೂಬಿ ನೆತ್ತಿಯ ಹುಳುಕಡ್ಡಿಯ ಬಗೆಗಳನ್ನು ಸೂಕ್ಷ್ಮದರ್ಶಕದಡಿ ವಿಂಗಡಿಸಿದ. ಫ್ರಾನ್ಸಿನ ರೇಮಂಡ್ ಸಬೂರೊ 1910ರಲ್ಲಿ ಚರ್ಮದ ಶಿಲೀಂಧ್ರಗಳ ಕುರಿತು ಬೃಹತ್ ಗ್ರಂಥ ಹೊರತಂದ. ಅವನ ಹೆಸರಿನ ಕೃಷಿಮಾಧ್ಯಮವನ್ನು ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ.

ಔಷಧಗಳ ಯುಗ ತಡವಾಗಿ ಬಂತು. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಬೇರ್ಪಡಿಸಿ 1950ರಲ್ಲಿ ಪ್ರಕಟಿಸಿದರು. ವೆನಿಜುವೆಲದ ಮಣ್ಣಿನಿಂದ ಬಂದ ಆಂಫೊಟೆರಿಸಿನ್ ಬಿ ಅದೇ ದಶಕದಲ್ಲಿ ಬಳಕೆಗೆ ಸಿಕ್ಕಿತು. 1939ರಲ್ಲೇ ಬೇರ್ಪಡಿಸಿದ್ದ ಗ್ರಿಸಿಯೊಫುಲ್ವಿನ್ 1958ರ ಸುಮಾರಿಗೆ ಹುಳುಕಡ್ಡಿಗೆ ನುಂಗುವ ಮೊದಲ ಔಷಧವಾಯಿತು. ಈ ಹುಡುಕಾಟದಲ್ಲಿ ಭಾರತದ ಪಾಲೂ ಇದೆ. ಪುಣೆಯ ಬಳಿ ಪಿಂಪ್ರಿಯಲ್ಲಿರುವ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಕರ್ನಾಟಕ ಮೂಲದ ಶಿಲೀಂಧ್ರತಜ್ಞ ಎಂ. ಜೆ. ತಿರುಮಲಾಚಾರ್ ಮತ್ತು ಅವರ ಸಹೋದ್ಯೋಗಿಗಳು ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಆಂಟಿಬಯಾಟಿಕ್ಕನ್ನೂ ಬೆಳೆರೋಗಗಳಿಗಾಗಿ ಆರಿಯೊಫಂಜಿನ್ ಅನ್ನೂ ರೂಪಿಸಿದರು.

ಚರ್ಮ, ಕೂದಲು ಮತ್ತು ಉಗುರಿನ ಸೋಂಕುಗಳು

ಚರ್ಮದ ಹೊರಪದರ, ಕೂದಲು, ಉಗುರುಗಳಲ್ಲಿರುವ ಕೆರಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುವ ಶಿಲೀಂಧ್ರಗಳಿಗೆ ಡರ್ಮಟೊಫೈಟ್‌ಗಳೆಂದು ಹೆಸರು. ಟ್ರೈಕೊಫೈಟಾನ್, ಮೈಕ್ರೊಸ್ಪೋರಮ್, ಎಪಿಡರ್ಮೊಫೈಟಾನ್ ಇವುಗಳ ಮುಖ್ಯ ಕುಲಗಳು. ಇವು ತರುವ ರೋಗವೇ ಹುಳುಕಡ್ಡಿ. ಮೈಮೇಲೆ ಸಣ್ಣ ಕೆಂಪು ಗುಳ್ಳೆಯಾಗಿ ಆರಂಭವಾಗಿ ಉಂಗುರದಂತೆ ಹರಡುತ್ತದೆ. ಅಂಚು ಉಬ್ಬಿ ಹೊಟ್ಟು ಏಳುತ್ತದೆ, ನಡುಭಾಗ ತಿಳಿಯಾಗುತ್ತದೆ. ಬೆವರು ನಿಲ್ಲುವ ತೊಡೆಸಂದಿ, ಸೊಂಟ, ಪೃಷ್ಠ, ಸ್ತನದ ಕೆಳಭಾಗಗಳಲ್ಲಿ ತುರಿಕೆ ತೀವ್ರ. ಸದಾ ನೀರಿನಲ್ಲಿ, ಕೆಸರಿನಲ್ಲಿ ನಿಲ್ಲುವವರಿಗೆ ಮತ್ತು ದಿನವಿಡೀ ಬೂಟು ಧರಿಸುವವರಿಗೆ ಕಾಲ್ಬೆರಳ ಸಂದಿ ಬೆಳ್ಳಗೆ ನೆನೆದು ಸುಲಿಯುತ್ತದೆ. ಆ ಬಿರುಕುಗಳ ಮೂಲಕ ಬ್ಯಾಕ್ಟೀರಿಯಗಳು ಒಳಹೊಕ್ಕು ಕಾಲು ಊದುವುದೂ ಉಂಟು.

ನೆತ್ತಿಯ ಹುಳುಕಡ್ಡಿ ಮುಖ್ಯವಾಗಿ ಮಕ್ಕಳ ರೋಗ. ಕೂದಲು ಅಲ್ಲಲ್ಲಿ ತುಂಡಾಗಿ ಬೋಳು ಮಚ್ಚೆಗಳು ಏಳುತ್ತವೆ. ಕೆಲವರಲ್ಲಿ ಕೀವು ತುಂಬಿದ ಮೆತ್ತನೆಯ ಗಡ್ಡೆಯಾಗಿ, ಉಪೇಕ್ಷಿಸಿದರೆ ಆ ಜಾಗದಲ್ಲಿ ಕೂದಲು ಶಾಶ್ವತವಾಗಿ ಉದುರಿಹೋಗುತ್ತದೆ. ಶಿಲೀಂಧ್ರ ಕೂದಲಿನ ಬುಡದಲ್ಲಿರುವುದರಿಂದ ಮುಲಾಮಿನಿಂದ ಇದು ವಾಸಿಯಾಗದು. ನುಂಗುವ ಔಷಧ ಅಗತ್ಯ. ಉಗುರಿನ ಸೋಂಕಿನಲ್ಲಿ ಉಗುರು ಹಳದಿಯಾಗಿ ದಪ್ಪವಾಗುತ್ತದೆ, ಪುಡಿಯಾಗುತ್ತದೆ. ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ಮೈ ಸೋಕುವುದರಿಂದ, ಟವೆಲು, ಬಟ್ಟೆ, ಹಾಸಿಗೆ, ಬಾಚಣಿಗೆಗಳ ಮೂಲಕ ಹರಡುತ್ತದೆ. ಬೆಕ್ಕು, ನಾಯಿ, ದನಕರುಗಳಿಂದ ಬರುವ ಬಗೆಗಳೂ ಇವೆ.

ಸಿಬ್ಬು ಬೇರೆ ರೋಗ. ಮಲಸೀಜಿಯ ಎಂಬ ಯೀಸ್ಟ್ ಎಲ್ಲರ ಚರ್ಮದಲ್ಲೂ ವಾಸಿಸುತ್ತದೆ. ಸೆಕೆ, ಬೆವರು, ಎಣ್ಣೆಯಂಶ ಹೆಚ್ಚಿದಾಗ ಅದು ಮಿತಿಮೀರಿ ಬೆಳೆದು ಎದೆ, ಬೆನ್ನು, ಕುತ್ತಿಗೆಯ ಮೇಲೆ ಬಿಳಿಚಾದ ಅಥವಾ ಕಂದು ಮಚ್ಚೆಗಳನ್ನು ಮೂಡಿಸುತ್ತದೆ. ಇದು ತೊನ್ನಲ್ಲ, ಅಂಟುರೋಗವೂ ಅಲ್ಲ. ಚಿಕಿತ್ಸೆಯಿಂದ ಶಿಲೀಂಧ್ರ ಬೇಗ ಸತ್ತರೂ ಚರ್ಮದ ಬಣ್ಣ ಮರಳಲು ಕೆಲವು ತಿಂಗಳು ಬೇಕು. ಮಚ್ಚೆ ಉಳಿದಿದೆಯೆಂದು ಔಷಧ ಸೋತಿತೆಂದು ತಿಳಿಯಬಾರದು.

ಲೋಳೆಪೊರೆ ಮತ್ತು ಕಣ್ಣಿನ ಸೋಂಕುಗಳು

ಕ್ಯಾಂಡಿಡ ಯೀಸ್ಟ್ ಬಾಯಿ, ಕರುಳು, ಯೋನಿಗಳಲ್ಲಿ ತೊಂದರೆ ಕೊಡದೆ ಇರುವಂಥದು. ಆಂಟಿಬಯಾಟಿಕ್ ಸೇವನೆ, ಗರ್ಭಧಾರಣೆ, ಹತೋಟಿಯಲ್ಲಿಲ್ಲದ ಸಕ್ಕರೆಕಾಯಿಲೆ, ಎಚ್‌ಐವಿ, ಸ್ಟಿರಾಯ್ಡ್‌ಗಳಿಂದ ಸಮತೋಲನ ತಪ್ಪಿದಾಗ ಅದು ರೋಗಕಾರಕವಾಗುತ್ತದೆ. ಶಿಶುಗಳ ನಾಲಿಗೆ ಮತ್ತು ಕೆನ್ನೆಯೊಳಗೆ ಮೊಸರಿನಂಥ ಬಿಳಿ ಪದರ, ಕಟ್ಟಿಸಿದ ಹಲ್ಲುಗಳ ಕೆಳಗೆ ಕೆಂಪು ಉರಿ, ಅನ್ನನಾಳದಲ್ಲಿ ನುಂಗುವಾಗ ನೋವು ಇದರ ಲಕ್ಷಣಗಳು. ಯೋನಿಯ ಕ್ಯಾಂಡಿಡ ಸೋಂಕಿನಲ್ಲಿ ತೀವ್ರ ತುರಿಕೆ ಮತ್ತು ಗಟ್ಟಿ ಬಿಳಿ ಸ್ರಾವ ಇರುತ್ತದೆ. ಬಹುಪಾಲು ಮಹಿಳೆಯರು ಜೀವನದಲ್ಲಿ ಒಮ್ಮೆಯಾದರೂ ಅನುಭವಿಸುವ ಈ ತೊಂದರೆಯನ್ನು ಸಂಕೋಚದಿಂದ ಮುಚ್ಚಿಡುವ ಕಾರಣವಿಲ್ಲ. ಪದೇ ಪದೇ ಮರುಕಳಿಸಿದರೆ ಸಕ್ಕರೆಕಾಯಿಲೆಯ ತಪಾಸಣೆ ಮಾಡಿಸಬೇಕು.

ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲಕ್ಕೆ ಶಿಲೀಂಧ್ರ ತಗಲುವುದು ದಕ್ಷಿಣ ಭಾರತದ ರೈತರಲ್ಲಿ ಕುರುಡುತನಕ್ಕೆ ಮುಖ್ಯ ಕಾರಣಗಳಲ್ಲೊಂದು. ಒಕ್ಕಣೆಯಲ್ಲಿ ಸಿಡಿದ ಭತ್ತದ ಹೊಟ್ಟು, ಕಬ್ಬಿನ ಗರಿ, ದನದ ಬಾಲ ತಗುಲಿದ ಗಾಯದ ಮೂಲಕ ಫ್ಯುಸೇರಿಯಮ್, ಆಸ್ಪರ್ಜಿಲ್ಲಸ್‌ಗಳು ಒಳಸೇರುತ್ತವೆ. ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ನೇಟಮೈಸಿನ್ ಹನಿ ವೊರಿಕೊನಝೋಲ್ ಹನಿಗಿಂತ, ವಿಶೇಷವಾಗಿ ಫ್ಯುಸೇರಿಯಮ್ ಸೋಂಕಿನಲ್ಲಿ, ಮೇಲೆಂದು ತೋರಿಸಿತು. ಗಾಯವಾದ ಕಣ್ಣಿಗೆ ಸೊಪ್ಪಿನ ರಸ ಬಿಡುವುದು, ವೈದ್ಯರು ನೋಡದೆ ಸ್ಟಿರಾಯ್ಡ್ ಹನಿ ಹಾಕುವುದು ದೃಷ್ಟಿಯನ್ನೇ ಕಳೆಯಬಲ್ಲದು.

ಚರ್ಮದಡಿಯ ಮತ್ತು ಒಳಾಂಗಗಳ ಸೋಂಕುಗಳು

ಬರಿಗಾಲಲ್ಲಿ ದುಡಿಯುವವರಿಗೆ ಮುಳ್ಳು ಚುಚ್ಚಿದಲ್ಲಿ ಮಣ್ಣಿನ ಶಿಲೀಂಧ್ರ ನೆಲೆಸಿ, ಪಾದ ವರ್ಷಗಳ ಕಾಲ ಊದುತ್ತ, ರಂಧ್ರಗಳಿಂದ ಬಣ್ಣದ ಕಾಳುಗಳು ಹೊರಬರುವ ರೋಗ ಮೈಸಿಟೋಮ. ಮದುರೆಯಲ್ಲಿ 19ನೆಯ ಶತಮಾನದಲ್ಲಿ ವರ್ಣಿತವಾದುದರಿಂದ ಮದುರಾ ಪಾದ ಎಂದೂ ಪ್ರಸಿದ್ಧ. ಇದೇ ರೂಪದ ರೋಗವನ್ನು ಬ್ಯಾಕ್ಟೀರಿಯಗಳೂ ತರುತ್ತವೆ. ಎರಡರ ಚಿಕಿತ್ಸೆ ಪೂರ್ತಿ ಬೇರೆಯಾದ್ದರಿಂದ ಪರೀಕ್ಷೆಯಿಲ್ಲದೆ ಔಷಧ ಆರಂಭಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು.

ಆಸ್ಪರ್ಜಿಲ್ಲಸ್‌ನ ಬೀಜಕಗಳನ್ನು ಎಲ್ಲರೂ ದಿನವೂ ಉಸಿರಾಡುತ್ತಾರೆ. ಆಸ್ತಮಾ ಇರುವ ಕೆಲವರಲ್ಲಿ ಅದು ಅಲರ್ಜಿಯ ರೂಪದಲ್ಲಿ ಶ್ವಾಸನಾಳಗಳನ್ನು ಕೆಡಿಸುತ್ತದೆ; ಕ್ಷಯ ವಾಸಿಯಾದ ಮೇಲೆ ಶ್ವಾಸಕೋಶದಲ್ಲಿ ಉಳಿದ ಪೊಳ್ಳುಗಳಲ್ಲಿ ಗಡ್ಡೆಕಟ್ಟಿ ಬೆಳೆಯುತ್ತದೆ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಕೆ ಕಂಡು, ಕ್ಷಯವೇ ಮರುಕಳಿಸಿತೆಂದು ಮತ್ತೆ ಅದರ ಔಷಧವನ್ನೇ ಕೊಡುವ ಪ್ರಸಂಗಗಳಿವೆ. ಕಫದಲ್ಲಿ ಕ್ಷಯಾಣು ಸಿಗದಿದ್ದಾಗ ಆಸ್ಪರ್ಜಿಲ್ಲಸ್ ಪ್ರತಿಕಾಯದ ಪರೀಕ್ಷೆ ಮಾಡಿಸುವುದು ಯುಕ್ತ.

ಕ್ರಿಪ್ಟೊಕಾಕಸ್ ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಹೇರಳ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ತೀರ ಕುಗ್ಗಿದವರಲ್ಲಿ ಇದು ಮಿದುಳುಪೊರೆಗೆ ಹಬ್ಬಿ, ವಾರಗಟ್ಟಲೆ ತಲೆನೋವು, ಜ್ವರ, ಮಂಕು ತರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಸಾವು ಖಚಿತ.

ಮ್ಯೂಕರ್‌ಮೈಕೋಸಿಸ್ ಹತೋಟಿ ತಪ್ಪಿದ ಸಕ್ಕರೆಕಾಯಿಲೆಯವರನ್ನು ಮುಖ್ಯವಾಗಿ ಕಾಡುತ್ತದೆ. ಅದು ರಕ್ತನಾಳಗಳನ್ನು ಹೊಕ್ಕು ಮುಚ್ಚುವುದರಿಂದ ಅಂಗಾಂಶ ಸತ್ತು ಕಪ್ಪಾಗುತ್ತದೆ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಸಕ್ಕರೆಕಾಯಿಲೆ ಮತ್ತು ಸ್ಟಿರಾಯ್ಡ್‌ಗಳ ಅತಿಬಳಕೆ ಒಟ್ಟುಗೂಡಿ, ಆ ಜೂನ್ ಕೊನೆಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಆಂಫೊಟೆರಿಸಿನ್‌ಗಾಗಿ ಕುಟುಂಬಗಳು ಊರೂರು ಅಲೆದವು. ಅನೇಕರು ಕಣ್ಣನ್ನೂ ದವಡೆಯನ್ನೂ ಕಳೆದುಕೊಂಡರು. ಮುಖದ ಒಂದೇ ಪಕ್ಕದಲ್ಲಿ ನೋವು ಅಥವಾ ಊತ, ಮೂಗಿನಿಂದ ಕಪ್ಪು ಸ್ರಾವ, ಸಡಿಲವಾದ ಹಲ್ಲು, ಎರಡೆರಡಾಗಿ ಕಾಣುವ ನೋಟ ಇದರ ಎಚ್ಚರಿಕೆಯ ಚಿಹ್ನೆಗಳು. ಇವು ಕಂಡ ದಿನವೇ ಆಸ್ಪತ್ರೆ ಸೇರಬೇಕು.

2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಮೊದಲು ವರ್ಣಿತವಾದ ಕ್ಯಾಂಡಿಡ ಆರಿಸ್ ಇಂದು ಭಾರತವೂ ಸೇರಿದಂತೆ ಹಲವು ದೇಶಗಳ ತೀವ್ರನಿಗಾ ಘಟಕಗಳಿಗೆ ಸವಾಲಾಗಿದೆ. ಇದು ಆಸ್ಪತ್ರೆಯ ಮಂಚ, ಉಪಕರಣಗಳ ಮೇಲೆ ವಾರಗಟ್ಟಲೆ ಉಳಿಯುತ್ತದೆ. ಹಲವು ಔಷಧಗಳಿಗೆ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅಕ್ಟೋಬರ್ 2022ರಲ್ಲಿ ಹೊರತಂದ 19 ಆದ್ಯತೆಯ ರೋಗಕಾರಕ ಶಿಲೀಂಧ್ರಗಳ ಪಟ್ಟಿಯಲ್ಲಿ ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್, ಕ್ಯಾಂಡಿಡ ಆರಿಸ್, ಆಸ್ಪರ್ಜಿಲ್ಲಸ್ ಫ್ಯುಮಿಗೇಟಸ್, ಕ್ಯಾಂಡಿಡ ಆಲ್ಬಿಕಾನ್ಸ್ ಈ ನಾಲ್ಕು ಅತಿಗಂಭೀರ ಗುಂಪಿನಲ್ಲಿವೆ.

ರೋಗನಿರ್ಣಯ

ಹುಳುಕಡ್ಡಿಯನ್ನು ಅನುಭವಿ ವೈದ್ಯರು ನೋಡಿಯೇ ಗುರುತಿಸಬಲ್ಲರು. ಆದರೆ ಇಸಬು, ಸೋರಿಯಾಸಿಸ್, ಕುಷ್ಠದ ಮಚ್ಚೆಗಳೂ ಅದನ್ನು ಹೋಲಬಹುದು. ಅನುಮಾನವಿದ್ದಾಗ ಮಚ್ಚೆಯ ಅಂಚಿನ ಹೊಟ್ಟನ್ನು ಕೆರೆದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಕಡಿಮೆ ಖರ್ಚಿನ ಈ ಪರೀಕ್ಷೆಯ ಫಲಿತಾಂಶ ಅಂದೇ ಸಿಗುತ್ತದೆ. ಜಾತಿಯನ್ನು ತಿಳಿಯಲು ಕೃಷಿಮಾಧ್ಯಮದಲ್ಲಿ ಬೆಳೆಸಬೇಕು. ಅದಕ್ಕೆ 4 ವಾರಗಳವರೆಗೆ ಹಿಡಿಯುತ್ತದೆ. ದಪ್ಪಗಾದ ಉಗುರೆಲ್ಲ ಶಿಲೀಂಧ್ರದ ಸೋಂಕಲ್ಲವಾದ್ದರಿಂದ, ತಿಂಗಳುಗಟ್ಟಲೆ ಔಷಧ ನುಂಗುವ ಮೊದಲು ಪರೀಕ್ಷೆ ಆಗಲೇಬೇಕು. ಆಳದ ಸೋಂಕುಗಳಿಗೆ ಅಂಗಾಂಶದ ತುಣುಕಿನ ಪರೀಕ್ಷೆ, ರಕ್ತ ಮತ್ತು ಬೆನ್ನುಹುರಿ ದ್ರವದಲ್ಲಿ ಪ್ರತಿಜನಕದ ಹುಡುಕಾಟ, ಸ್ಕ್ಯಾನ್ ಮತ್ತು ಪಿಸಿಆರ್ ನೆರವಾಗುತ್ತವೆ.

ಚಿಕಿತ್ಸೆ

ಶಿಲೀಂಧ್ರನಾಶಕಗಳಲ್ಲಿ ಮುಖ್ಯ ವರ್ಗಗಳು ನಾಲ್ಕು. ಕ್ಲೊಟ್ರಿಮಝೋಲ್, ಲುಲಿಕೊನಝೋಲ್, ಫ್ಲುಕೊನಝೋಲ್, ಇಟ್ರಕೊನಝೋಲ್, ವೊರಿಕೊನಝೋಲ್ ಮೊದಲಾದ ಏಝೋಲ್‌ಗಳು ಮತ್ತು ಬೇರೊಂದು ವರ್ಗದ ಟರ್ಬಿನಫೈನ್ ಎರ್ಗೋಸ್ಟೆರಾಲ್ ತಯಾರಿಕೆಯನ್ನು ಬೇರೆ ಬೇರೆ ಹಂತಗಳಲ್ಲಿ ತಡೆಯುತ್ತವೆ. ನಿಸ್ಟಾಟಿನ್ ಮತ್ತು ಆಂಫೊಟೆರಿಸಿನ್ ಬಿ ಸೇರಿದ ಪಾಲಿಯೀನ್‌ಗಳು ಎರ್ಗೋಸ್ಟೆರಾಲ್‌ಗೆ ಅಂಟಿಕೊಂಡು ಕೋಶಪೊರೆಯನ್ನು ಕೆಡಿಸುತ್ತವೆ. 2001ರಿಂದ ಬಳಕೆಯಲ್ಲಿರುವ ಕ್ಯಾಸ್ಪೊಫಂಜಿನ್ ಮೊದಲಾದ ಎಕಿನೊಕ್ಯಾಂಡಿನ್‌ಗಳು ಬೀಟಾ ಗ್ಲೂಕಾನ್ ಗೋಡೆ ಕಟ್ಟುವುದನ್ನು ನಿಲ್ಲಿಸುತ್ತವೆ.

ಸಣ್ಣ ಮಚ್ಚೆಯ ಹುಳುಕಡ್ಡಿಗೆ ಮುಲಾಮು ಸಾಕು. ಅದನ್ನು ಮಚ್ಚೆಯ ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಹೊರಗಿನವರೆಗೂ ಹಚ್ಚಬೇಕು. ಚರ್ಮ ತಿಳಿಯಾದ ಮೇಲೂ 2 ವಾರ ಮುಂದುವರಿಸಬೇಕು. ತುರಿಕೆ ನಿಂತಾಗಲೂ ಶಿಲೀಂಧ್ರ ಉಳಿದಿರುತ್ತದೆ. ದೊಡ್ಡ ಜಾಗಕ್ಕೆ ಹಬ್ಬಿದಾಗ, ಮರುಕಳಿಸಿದಾಗ, ಕೂದಲು ಮತ್ತು ಉಗುರಿಗೆ ತಗುಲಿದಾಗ ಮಾತ್ರೆ ಬೇಕು. ಟರ್ಬಿನಫೈನ್ ಅನ್ನು ಕೈಯುಗುರಿಗೆ ಸಾಮಾನ್ಯವಾಗಿ 6 ವಾರ, ಕಾಲುಗುರಿಗೆ 12 ವಾರ ಕೊಡುತ್ತಾರೆ. ಕಾಲುಗುರು ಪೂರ್ತಿ ಹೊಸದಾಗಿ ಬೆಳೆದುಬರಲು ವರ್ಷವೇ ಬೇಕಾಗುವುದರಿಂದ ತಾಳ್ಮೆ ಅಗತ್ಯ. ಇಟ್ರಕೊನಝೋಲ್ ಗುಳಿಗೆಯನ್ನು ಊಟದೊಡನೆ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಹೃದಯ ದುರ್ಬಲವಿರುವವರಿಗೆ ಅದು ಸಲ್ಲದು. ಏಝೋಲ್ ಮಾತ್ರೆಗಳು ರಕ್ತ ತೆಳುವಾಗಿಸುವ, ಕೊಲೆಸ್ಟೆರಾಲ್ ಇಳಿಸುವ ಮತ್ತು ಸಕ್ಕರೆಕಾಯಿಲೆಯ ಕೆಲವು ಔಷಧಗಳ ಪರಿಣಾಮವನ್ನು ಬದಲಿಸುತ್ತವೆ. ಯಕೃತ್ತಿನ ರೋಗವಿರುವವರು, ಗರ್ಭಿಣಿಯರು ಮತ್ತು ಬೇರೆ ಔಷಧ ಸೇವಿಸುವವರು ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು.

ಆಳದ ಸೋಂಕುಗಳಿಗೆ ಆಸ್ಪತ್ರೆಯಲ್ಲೇ ಚಿಕಿತ್ಸೆ. ಮ್ಯೂಕರ್‌ಮೈಕೋಸಿಸ್‌ನಲ್ಲಿ ಸತ್ತ ಅಂಗಾಂಶವನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದು, ಲೈಪೊಸೋಮಲ್ ಆಂಫೊಟೆರಿಸಿನ್, ರಕ್ತದ ಸಕ್ಕರೆಯ ಹತೋಟಿ ಮೂರೂ ಕೂಡಿ ನಡೆಯಬೇಕು. ಕ್ರಿಪ್ಟೊಕಾಕಸ್ ಮಿದುಳುಪೊರೆಯ ಉರಿಯೂತಕ್ಕೆ, ಲೈಪೊಸೋಮಲ್ ಆಂಫೊಟೆರಿಸಿನ್‌ನ ದೊಡ್ಡ ಪ್ರಮಾಣವನ್ನು ಒಂದೇ ಸಲ ರಕ್ತನಾಳದ ಮೂಲಕ ಕೊಟ್ಟು, 14 ದಿನ ಫ್ಲುಸೈಟೊಸಿನ್ ಮತ್ತು ಫ್ಲುಕೊನಝೋಲ್ ನೀಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು.

ಸ್ಟಿರಾಯ್ಡ್ ಮುಲಾಮು ಮತ್ತು ಔಷಧನಿರೋಧ

ಸುಮಾರು ಒಂದು ದಶಕದಿಂದ ಭಾರತದಲ್ಲಿ ಹುಳುಕಡ್ಡಿಯ ಸ್ವಭಾವವೇ ಬದಲಾಗಿದೆ. ಹಿಂದೆ ಎರಡು ವಾರದ ಮುಲಾಮಿಗೆ ಹೋಗುತ್ತಿದ್ದ ರೋಗ ಈಗ ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಮರಳುತ್ತದೆ; ಮನೆಮಂದಿಗೆಲ್ಲ ಹರಡುತ್ತದೆ. ಇದರ ಹಿಂದಿರುವುದು ಟ್ರೈಕೊಫೈಟಾನ್ ಇಂಡೊಟೀನಿಯೆ. ಭಾರತ ಮತ್ತು ನೇಪಾಳದವರಿಂದ ಪಡೆದ ಮಾದರಿಗಳ ಆಧಾರದ ಮೇಲೆ ಜಪಾನಿನ ಸಂಶೋಧಕರು 2020ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಟರ್ಬಿನಫೈನ್ ಗುರಿಯಿಡುವ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವದ ಜೀನಿನಲ್ಲಿ ಬದಲಾವಣೆಯಾಗಿರುವುದರಿಂದ ಇದರ ಅನೇಕ ತಳಿಗಳಿಗೆ ಆ ಔಷಧ ನಾಟುವುದಿಲ್ಲ. ಯುರೋಪಿನಲ್ಲಿಯೂ, 2023ರ ವರದಿಯಂತೆ ನ್ಯೂಯಾರ್ಕಿನಲ್ಲಿಯೂ ಇದು ಕಂಡುಬಂದಿದೆ.

ಇದು ಹಬ್ಬಲು ಸ್ಟಿರಾಯ್ಡ್ ಮುಲಾಮುಗಳು ದಾರಿಮಾಡಿದವೆಂದು ಚರ್ಮತಜ್ಞರು ಬಲವಾಗಿ ನಂಬುತ್ತಾರೆ. ಕ್ಲೊಬೆಟಸಾಲ್‌ನಂಥ ತೀಕ್ಷ್ಣ ಸ್ಟಿರಾಯ್ಡ್, ಒಂದು ಆಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ ಬೆರೆಸಿದ ಟ್ಯೂಬು ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಅಗ್ಗವಾಗಿ ಸಿಗುತ್ತದೆ. ಹಚ್ಚಿದ ರಾತ್ರಿಯೇ ತುರಿಕೆ ಇಳಿಯುವುದರಿಂದ ಜನ ಅದನ್ನೇ ನಂಬುತ್ತಾರೆ. ಸ್ಟಿರಾಯ್ಡ್ ಮಾಡುವುದು ಚರ್ಮದ ರಕ್ಷಣೆಯನ್ನು ಅಡಗಿಸುವ ಕೆಲಸ. ಉರಿ ಶಮನವಾಗುತ್ತದೆ, ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ. ಮಚ್ಚೆ ತನ್ನ ರೂಪ ಕಳೆದುಕೊಂಡು ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತೊಡೆಸಂದಿಯ ಚರ್ಮ ತೆಳುವಾಗಿ ಎಂದೂ ಮಾಯದ ಸೀಳುಗೆರೆಗಳು ಬೀಳುತ್ತವೆ. ಕೇಂದ್ರ ಸರ್ಕಾರ 2018ರಲ್ಲಿ ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಶೆಡ್ಯೂಲ್ ಎಚ್‌ಗೆ ತಂದಿತು. ಕಾಯಿದೆ ಇದ್ದರೂ ಕೌಂಟರಿನ ಮೇಲಿನ ಮಾರಾಟ ನಿಂತಿಲ್ಲ. ಬೆಳ್ಳುಳ್ಳಿ ಅರೆದು ಕಟ್ಟುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ಮುಂತಾದ ಮನೆಮದ್ದುಗಳೂ ಚರ್ಮವನ್ನು ಸುಟ್ಟು ಗಾಯ ಮಾಡುತ್ತವೆ.

ಹೊಲಗಳಲ್ಲೂ ಔಷಧನಿರೋಧ ಹುಟ್ಟುತ್ತದೆ. ಬೆಳೆಗಳಿಗೆ ಸಿಂಪಡಿಸುವ ಶಿಲೀಂಧ್ರನಾಶಕಗಳಲ್ಲಿ ಏಝೋಲ್ ವರ್ಗದವು ಬಹಳ. ಅವುಗಳ ಒಡನಾಟದಲ್ಲಿ ಬೆಳೆದ ಆಸ್ಪರ್ಜಿಲ್ಲಸ್ ಆಸ್ಪತ್ರೆಯ ಏಝೋಲ್‌ಗಳಿಗೂ ಜಗ್ಗುವುದಿಲ್ಲವೆಂಬುದು ಮೊದಲು ನೆದರ್ಲೆಂಡ್ಸಿನಲ್ಲಿ, ಆಮೇಲೆ ಭಾರತವೂ ಸೇರಿದಂತೆ ಹಲವೆಡೆ ಕಂಡುಬಂದಿದೆ.

ತಡೆಗಟ್ಟುವಿಕೆ

ಮನುಷ್ಯನ ಶಿಲೀಂಧ್ರ ರೋಗಗಳಿಗೆ ಪರವಾನಗಿ ಪಡೆದ ಲಸಿಕೆ ಯಾವುದೂ ಇಲ್ಲ. ರಕ್ಷಣೆ ದಿನನಿತ್ಯದ ಅಭ್ಯಾಸಗಳಲ್ಲಿದೆ. ಸ್ನಾನದ ನಂತರ ತೊಡೆಸಂದಿ, ಕಂಕುಳು, ಬೆರಳ ಸಂದಿಗಳನ್ನು ಪೂರ್ತಿ ಒರೆಸಿ ಒಣಗಿಸಬೇಕು. ಸಡಿಲವಾದ ಹತ್ತಿಯ ಬಟ್ಟೆ ಲೇಸು. ಬಿಗಿ ಜೀನ್ಸ್, ಒದ್ದೆ ಒಳಉಡುಪು ಸಲ್ಲದು. ಟವೆಲು, ಬಟ್ಟೆ, ಬಾಚಣಿಗೆಯನ್ನು ಹಂಚಿಕೊಳ್ಳಬಾರದು. ಸೋಂಕಿತರ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗಾಗಿ ಬಿಸಿಲಿಗೆ ಹಾಕಬೇಕು; ಮಳೆಗಾಲದಲ್ಲಿ ಇಸ್ತ್ರಿ ಮಾಡುವುದು ಒಳ್ಳೆಯದು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಹುಳುಕಡ್ಡಿಯಿದ್ದರೆ ಎಲ್ಲರೂ ಒಂದೇ ಕಾಲಕ್ಕೆ ಚಿಕಿತ್ಸೆ ಪಡೆಯಬೇಕು, ಇಲ್ಲವಾದರೆ ಅದು ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಮೈಗೂದಲು ಉದುರಿದ ಸಾಕುಪ್ರಾಣಿಯನ್ನು ಪಶುವೈದ್ಯರಿಗೆ ತೋರಿಸಬೇಕು.

ಸಕ್ಕರೆಕಾಯಿಲೆಯುಳ್ಳವರು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಟ್ಟು ಪಾದಗಳನ್ನು ದಿನವೂ ಪರೀಕ್ಷಿಸಿಕೊಳ್ಳಬೇಕು. ಆಸ್ತಮಾಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಬೇಕು. ಹೊಲ ಗದ್ದೆಗಳಲ್ಲಿ ಪಾದರಕ್ಷೆ, ಒಕ್ಕಣೆಯಲ್ಲಿ ಕನ್ನಡಕ ಇರಬೇಕು. ಪಾರಿವಾಳದ ಹಿಕ್ಕೆಯನ್ನು ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ತೆಗೆಯಬೇಕು. ಆಸ್ಪತ್ರೆಗಳಲ್ಲಿ ಕೈತೊಳೆಯುವಿಕೆ ಮತ್ತು ಕ್ಲೋರಿನ್ ಆಧಾರಿತ ಶುಚೀಕರಣ ಕ್ಯಾಂಡಿಡ ಆರಿಸ್‌ಗೆ ಕಡಿವಾಣ.

ತುರಿಕೆ ಹತ್ತಿದೊಡನೆ ಅಂಗಡಿಯಲ್ಲಿ ಕೇಳಿ ಟ್ಯೂಬು ತರುವ ರೂಢಿಯನ್ನು ನಾವು ಬಿಡಬೇಕು. ಮನೆಯಲ್ಲಿರುವ ಮುಲಾಮಿನ ಹೆಸರುಪಟ್ಟಿ ಓದಿ. ಅದರಲ್ಲಿ ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್, ಬೀಟಾಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಅದನ್ನು ಹುಳುಕಡ್ಡಿಗೆ ಹಚ್ಚಬೇಡಿ. ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಔಷಧ ಪೂರೈಸಿ.